ತೂಕದಲ್ಲಿ ಕಡಿಮೆ

ಮಾನ್ಯ ಡಾಮಿನಿಕ್ ಅವರೇ,
ಇದು ನನ್ನ ಮೂರನೆಯ ಪತ್ರ.
ಮೊದಲನೆಯದಕ್ಕೆ ನಿಮ್ಮ ಯಂತ್ರ ಧನ್ಯವಾದ ಹೇಳಿತು,
ನನ್ನನ್ನು ಶ್ರೀಮಾನ್ ಸ್ಟಾಥರ್ಡ್ ಎಂದಿತು.
ಇರಲಿ.

ಗ್ರಿಮ್ಸ್‌ಬಿಯ ಮೀನು ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಪೊಟ್ಟಣ ಕಟ್ಟಿದವಳು ನಾನು.
ಪ್ಯಾಕೇಜು ಅಂದರೇನು ಅಂತ
ನನಗೆ ಪಾಠ ಬೇಡ.
ಡಬ್ಬಿಯ ಮೇಲೆ ನಾನೂರು ಗ್ರಾಂ ಅಂದರೆ
ಒಳಗೂ ನಾನೂರು ಗ್ರಾಂ.
ನಾಲ್ಕು ಗ್ರಾಂ ಕಮ್ಮಿ ಬಿದ್ದರೆ
ಬೆಲ್ಟಿನ ಪಕ್ಕದ ಕಬ್ಬಿಣದ ತೋಳು
ಮುಲಾಜಿಲ್ಲದೆ ಬದಿಗೆ ತಳ್ಳುತ್ತಿತ್ತು.
ಎದುರು ನಿಂತ ನೊರೀನ್ ಬಿಚ್ಚಿ
ಇನ್ನೊಂದು ತುಂಡಿಟ್ಟು ಮತ್ತೆ ಅಂಟಿಸುತ್ತಿದ್ದಳು.
ಅಲ್ಲೇ ಶುರುವಾದದ್ದು ನಮ್ಮ ಸ್ನೇಹ:
ಕೈಗವಸು, ಐಸು, ಕಿವಿಗೆ ತುರುಕಿದ ಹತ್ತಿ,
ತುಟಿ ನೋಡಿಕೊಂಡೇ ಮಾತು.

ನಿಮ್ಮ ಪುಸ್ತಕದ ನಲವತ್ತೇಳನೆಯ ಪುಟ ತೆಗೆಯಿರಿ.
‘ಸಮುದ್ರದತ್ತ ತೆರೆದ ಕೋಣೆ.’
ಬಲ್ಗೇರಿಯದ ಆ ಹೋಟೆಲಿನಲ್ಲಿ ಕಿಟಕಿ
ತೆರೆದದ್ದು ಒಂದು ಕ್ರೇನಿನತ್ತ.
ಸಮುದ್ರ ಇರಲೇ ಇಲ್ಲ ಎನ್ನಲಾರೆ,
ಸುಳ್ಳು ಬರೆದು ರೂಢಿಯಿಲ್ಲ.
ಸ್ನಾನದ ತೊಟ್ಟಿಯ ಅಂಚು ಹತ್ತಿ
ಗವಾಕ್ಷಿಗೆ ಕೆನ್ನೆ ಒತ್ತಿದರೆ
ಎರಡು ಗೋಡೆಗಳ ನಡುವೆ
ಹೆಬ್ಬೆರಳಗಲ ನೀಲಿ.
ನನ್ನ ಮಂಡಿ ಹತ್ತಗೊಡದು.
ದಿನಾ ಬೆಳಿಗ್ಗೆ ನೊರೀನ್ ಟವೆಲು ಸುತ್ತಿಕೊಂಡು ಹತ್ತಿ
ರೇಡಿಯೋದಲ್ಲಿ ಹವಾಮಾನ ಓದುವವರ ಹಾಗೆ
ವರದಿ ಒಪ್ಪಿಸುತ್ತಿದ್ದಳು:
“ಇವತ್ತೂ ಸಮುದ್ರ ಇದೆ, ಏವ್ರಿಲ್.
ಒಂದು ದೋಣಿ ಬಂತು.
ಹೋಯಿತು.”

ಊಟ ‘ಎಲ್ಲವೂ ಸೇರಿ’ ಅಂದಿದ್ದಿರಿ.
ಎಲ್ಲವೂ ಸೇರಿಯೇ ಇತ್ತು, ಒಂದೇ ತಟ್ಟೆಯಲ್ಲಿ,
ನಿನ್ನೆಯದೂ.
ಶುಕ್ರವಾರ ಫಿಶ್ ಫಿಂಗರ್ ಬಡಿಸಿದರು.
ನೊರೀನ್ ಒಂದನ್ನೆತ್ತಿ ಮೂಸಿ
“ನಮ್ಮದೇ ಕಣೇ, ಮೂರನೆಯ ಬೆಲ್ಟು” ಅಂದಳು.
ಅಷ್ಟು ದೂರ ಹಾರಿಹೋಗಿ
ನಾವು ಕಟ್ಟಿದ್ದನ್ನೇ ನಾವು ತಿಂದೆವು.

ಈಜುಕೊಳದಲ್ಲಿ ನೀರಿರಲಿಲ್ಲ.
ತಳದಲ್ಲೊಂದು ಬೆಕ್ಕು, ಮೂರು ಮರಿ.
ಬೆಕ್ಕಿನ ಬಗ್ಗೆ ನನ್ನ ದೂರಿಲ್ಲ.

ಈಗ ನಿಮ್ಮ ಉತ್ತರ ಬಂದಿದೆ, ಸಹಿ ಸಮೇತ:
‘ಸಾಕ್ಷಿಯಾಗಿ ಕಳಿಸಿದ ಹದಿನಾಲ್ಕು ಫೋಟೊಗಳನ್ನು ಪರಿಶೀಲಿಸಲಾಯಿತು.
ಹನ್ನೊಂದರಲ್ಲಿ ಗ್ರಾಹಕರು ನಗುತ್ತಿರುವುದು ಕಂಡುಬಂದಿದೆ.’

ಹೌದು.
ಒಣಗಿದ ಕೊಳದ ಏಣಿ ಇಳಿಯುತ್ತ
ನೊರೀನ್ ಮೂಗು ಮುಚ್ಚಿಕೊಂಡಿದ್ದಾಳೆ, ಮುಳುಗುವವಳ ಹಾಗೆ.
ನಾನು ಕ್ರೇನಿಗೆ ಕೈಬೀಸುತ್ತಿದ್ದೇನೆ.
ಮೇಲೆ ಕೂತವನೂ ಬೀಸಿದ, ಅದು ಫೋಟೊದಲ್ಲಿ ಬಂದಿಲ್ಲ.
ಆದರೆ ಡಾಮಿನಿಕ್ ಅವರೇ,
ಆ ನಗು ನಿಮ್ಮ ಪುಸ್ತಕದ ಎಷ್ಟನೆಯ ಪುಟದಲ್ಲಿದೆ?
ಅದು ನಾವು ಮನೆಯಿಂದ ಹೊತ್ತು ತಂದದ್ದು,
ಇಪ್ಪತ್ತು ಕಿಲೋ ಮಿತಿಯ ಒಳಗೇ.
ನಮ್ಮ ಸಾಮಾನನ್ನು ನಿಮ್ಮ ತಕ್ಕಡಿಗೆ ಹಾಕಬೇಡಿ.

‘ಮುಂದಿನ ಪ್ರವಾಸಕ್ಕೆ ನಲವತ್ತು ಪೌಂಡಿನ ಕೂಪನ್.’
ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ.
ಇದರೊಂದಿಗೆ ಹಿಂದಿರುಗಿಸಿದ್ದೇನೆ.

ನ್ಯಾಯವಾಗಿ ಲೆಕ್ಕ ಹಾಕೋಣ.
ನಾನು ಕೇಳಿದ್ದು ಇನ್ನೂರ ಇಪ್ಪತ್ತು.
ಹೆಬ್ಬೆರಳಗಲ ಸಮುದ್ರಕ್ಕೆ ಒಂದು ಪೌಂಡು ಕಳೆಯಿರಿ.
ಬೆಕ್ಕು, ಮರಿಗಳಿಗೆ ಎರಡು.
ದೋಣಿ ಬೇಗ ಹೋದದ್ದರಿಂದ ಅದಕ್ಕೇನೂ ಇಲ್ಲ.
ಬಾಕಿ ಇನ್ನೂರ ಹದಿನೇಳು.
ಒಂದು ಪೆನ್ನಿ ಕಮ್ಮಿ ಬಂದರೂ ಬದಿಗೆ ತಳ್ಳುತ್ತೇನೆ,
ನಾಲ್ಕನೆಯ ಪತ್ರ ಬರೆಯುತ್ತೇನೆ,
ಪಿಂಚಣಿದಾರಳಿಗೆ ಬೇಕಾದಷ್ಟು ಪುರುಸೊತ್ತು.

ನೊರೀನ್ ಅನ್ನುತ್ತಾಳೆ, ಬಿಡೇ ಅತ್ಲಾಗೆ,
ಬಸ್ಸು ಹತ್ತಿದರೆ ಕ್ಲೀಥೋರ್ಪ್ಸ್,
ಸಮುದ್ರ ಪುಕ್ಕಟೆ.
ಭಾನುವಾರ ಹೋಗಿಯೂ ಬಂದೆವು.
ಇಳಿತದ ಹೊತ್ತು, ನೀರು ಎಲ್ಲೋ ದೂರ,
ಕಣ್ಣು ಹಾಯುವಷ್ಟೂ ಕೆಸರು.
ಆದರೆ ಕಾಣುತ್ತದೆಂದು
ಯಾರೂ ಅಚ್ಚು ಹಾಕಿಸಿರಲಿಲ್ಲ.

ಇಂತಿ,
ಏವ್ರಿಲ್ ಸ್ಟಾಥರ್ಡ್ (ಶ್ರೀಮಾನ್ ಅಲ್ಲ)

ಲಗತ್ತು: ಕೂಪನ್ ಒಂದು.
ನಾವಿಬ್ಬರೂ ಇಲ್ಲದ ಫೋಟೊ ಒಂದು, ಬೆಕ್ಕಿನದು.
ಅದು ನಗುತ್ತಿಲ್ಲ.